ಗದ್ದೆಯ ಗುಳ್ಳೆಯಿಂದ ಗಣಕದ ಅಂಕಿಯವರೆಗೆ

ಇಟಲಿಯ ಭೌತವಿಜ್ಞಾನಿ ಅಲೆಸ್ಸಾಂಡ್ರೊ ವೋಲ್ಟಾ ಎಂಬಾತನ ಹೆಸರನ್ನು ಕೇಳದ ವಿದ್ಯಾರ್ಥಿಯಿಲ್ಲ. ವಿದ್ಯುತ್ಕೋಶವನ್ನು ಲೋಕಕ್ಕೆ ಕೊಟ್ಟ ಈತನು ಅದಕ್ಕೆ ಕಾಲು ಶತಮಾನದಷ್ಟು ಮೊದಲು, 1776ರಲ್ಲಿ, ಮಾಜ್ಜೋರೆ ಸರೋವರದ ಅಂಚಿನ ಜೌಗಿನಲ್ಲಿ ಕೆಸರನ್ನು ಕದಡಿ, ಮೇಲೆದ್ದ ಗುಳ್ಳೆಗಳನ್ನು ನೀರು ತುಂಬಿ ಬೋರಲು ಹಿಡಿದ ಪಾತ್ರೆಯಲ್ಲಿ ಕೂಡಿಟ್ಟನು. ಉರಿ ತೋರಿಸಿದಾಗ ಆ ಅನಿಲವು ನೀಲಿ ಜ್ವಾಲೆಯಾಗಿ ಹೊತ್ತಿಕೊಂಡಿತು. ಅಂದು ಜೌಗು ಅನಿಲವೆನಿಸಿದ್ದ ಅದನ್ನೇ ಇಂದು ನಾವು ಮೀಥೇನ್ ಎನ್ನುತ್ತೇವೆ. ನಾಟಿಯಾಗಿ ಒಂದೆರಡು ತಿಂಗಳು ಕಳೆದ ಭತ್ತದ ಗದ್ದೆಗೆ ಕಾಲಿಟ್ಟವರೆಲ್ಲರೂ ಈ ಅನಿಲವನ್ನು ಕಂಡವರೇ. ಹೆಜ್ಜೆಯೂರಿದೊಡನೆ ಕಣಕಾಲಿನ ಸುತ್ತ ಬುಳುಬುಳನೆ ಏಳುವ ಗುಳ್ಳೆಗಳಲ್ಲಿ ಅದು ಧಾರಾಳವಾಗಿರುತ್ತದೆ.

ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಈಚೆಗೆ ಒಂದು ಹಾಳೆಯನ್ನು ತಂದು ನಮ್ಮ ಮುಂದಿಟ್ಟನು. ಅವನ ಮನೆಯವರ ಒಂದು ಹೆಕ್ಟೇರ್ ಭತ್ತದ ಭೂಮಿಯಿಂದ ಒಂದು ಹಂಗಾಮಿನಲ್ಲಿ ವಾಯುಮಂಡಲಕ್ಕೆ ಸೇರುವ ಹಸಿರುಮನೆ ಅನಿಲಗಳು ಇಷ್ಟು ಕಿಲೋಗ್ರಾಂ ಎಂದು, ದಶಮಾಂಶದ ಎರಡು ಸ್ಥಾನಗಳವರೆಗೆ, ಗಣಕಯಂತ್ರವು ಅದರಲ್ಲಿ ಮುದ್ರಿಸಿತ್ತು. “ನಮ್ಮ ಗದ್ದೆಗೆ ಯಾರೂ ಬಂದು ಏನನ್ನೂ ಅಳೆಯಲಿಲ್ಲ. ಈ ಅಂಕಿ ಬಂದುದೆಲ್ಲಿಂದ?” ಎಂಬುದು ಅವನ ಪ್ರಶ್ನೆ. ಪ್ರಶ್ನೆಯಲ್ಲಿ ಕುತೂಹಲದೊಡನೆ ಸ್ವಲ್ಪ ಕೋಪವೂ ಬೆರೆತಿತ್ತು. ಕೋಪಕ್ಕೆ ಕಾರಣವಿಲ್ಲದಿಲ್ಲ. ಇಂತಹ ಅಂಕಿಗಳನ್ನು ಹಿಡಿದೇ ದೇಶದೇಶಗಳ ಮೇಲೆ ಹೊಣೆಯನ್ನು ಹೊರಿಸಲಾಗುತ್ತದೆ. ಇವನ್ನು ಹಿಡಿದೇ ಒಬ್ಬ ಬೇಸಾಯಗಾರನಿಗೆ ಹಣ ಸಲ್ಲಬೇಕೆಂದೋ ಸಲ್ಲಬಾರದೆಂದೋ ತೀರ್ಮಾನವಾಗುತ್ತದೆ. ಆ ಅಂಕಿಯ ಹಿಂದೆ ಇರುವವರು ಯಾರು, ಅವರು ಮಾಡಿದುದೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

1990ರ ಸುಮಾರಿನಲ್ಲಿ ನಡೆದ ಸಂಗತಿಯೊಂದರಿಂದ ತೊಡಗುವುದು ಲೇಸು. ಭಾರತದ ಭತ್ತದ ಗದ್ದೆಗಳೆಲ್ಲವೂ ಕೂಡಿ ವರ್ಷಕ್ಕೆ 378 ಲಕ್ಷ ಟನ್ ಮೀಥೇನನ್ನು ಹೊರಹಾಕುತ್ತವೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಆಗ ಅಂದಾಜು ಮಾಡಿತ್ತು. ಭಾರತದ ಗದ್ದೆಗಳಲ್ಲಿ ಅಳತೆಗಳು ಆಗ ವಿರಳ. ಯೂರೋಪು ಅಮೆರಿಕಗಳ ಗದ್ದೆಗಳಲ್ಲಿ ದೊರೆತ ಬೆಲೆಗಳನ್ನು ನಮ್ಮ ದೇಶದ ವಿಸ್ತೀರ್ಣದಿಂದ ಗುಣಿಸಿದುದರಿಂದ ಬಂದ ಮೊತ್ತವದು. ವಿದ್ಯಾರ್ಥಿಗಳು ಇಲ್ಲಿಯೇ ಒಂದು ಸಣ್ಣ ಲೆಕ್ಕವನ್ನು ಮಾಡಬಹುದು. ನಮ್ಮ ದೇಶದಲ್ಲಿ ಭತ್ತದ ಬೆಳೆಯ ವಿಸ್ತೀರ್ಣವು ಆಗ ಸುಮಾರು 4.2 ಕೋಟಿ ಹೆಕ್ಟೇರ್. 378 ಲಕ್ಷ ಟನ್ನುಗಳನ್ನು ಅದರಿಂದ ಭಾಗಿಸಿದರೆ ಹೆಕ್ಟೇರಿಗೆ 900 ಕಿಲೋಗ್ರಾಂ ಆಗುತ್ತದೆ. ಬೆಳೆಯು ಗದ್ದೆಯಲ್ಲಿ 110 ದಿನ ನಿಂತಿತೆಂದರೆ ದಿನಕ್ಕೆ ಎಂಟು ಕಿಲೋಗ್ರಾಂಗೂ ಮೇಲು. ನೀರು ಸದಾ ನಿಂತಿರುವ ಗದ್ದೆಯಿಂದ ಹೆಕ್ಟೇರಿಗೆ ದಿನಕ್ಕೆ ಸುಮಾರು ಒಂದೂಕಾಲು ಕಿಲೋಗ್ರಾಂ ಮೀಥೇನ್ ಹೊರಡುತ್ತದೆಂಬುದು ಇಂದು ಲೋಕದಲ್ಲೆಲ್ಲ ಒಪ್ಪಿರುವ ಸಾಧಾರಣ ಬೆಲೆ. ನಮ್ಮ ಗದ್ದೆಗಳಲ್ಲಿ ಬಹುಪಾಲು ಆಗ ಮಳೆಯನ್ನೇ ನೆಚ್ಚಿದ್ದವು. ಅವುಗಳಲ್ಲಿ ನೀರು ಸದಾ ನಿಂತಿರುವುದೂ ಇಲ್ಲ. ಆದರೂ ಅವಕ್ಕೆ ಅದರ ಆರೇಳು ಪಟ್ಟನ್ನು ಕಟ್ಟಲಾಗಿತ್ತು!

ಈ ಅಂಕಿಯನ್ನು ಮಾತಿನಿಂದ ಅಲ್ಲಗಳೆದು ಫಲವಿರಲಿಲ್ಲ. ಅಳೆದೇ ಉತ್ತರ ಕೊಡಬೇಕಾಗಿತ್ತು. ಆ ಕೆಲಸಕ್ಕೆ ಮುಂದಾದವರು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಶಾಲೆಯ ಅಶೇಷ ಪ್ರಸಾದ ಮಿತ್ರ ಅವರು. 1927ರಲ್ಲಿ ಜನಿಸಿ 2007ರಲ್ಲಿ ನಿಧನರಾದ ಮಿತ್ರ ಅವರು ಕಲ್ಕತ್ತೆಯ ಶಿಶಿರ ಕುಮಾರ ಮಿತ್ರರ ಶಿಷ್ಯರು. ರೇಡಿಯೋ ಅಲೆಗಳನ್ನು ಹಿಂದಿರುಗಿಸುವ ಅಯಾನುಗೋಳವನ್ನು ಕುರಿತ ಸಂಶೋಧನೆಯಿಂದ ಹೆಸರಾದವರು. ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರೂ ಆಗಿದ್ದವರು. ನೂರು ಕಿಲೋಮೀಟರ್ ಎತ್ತರದ ವಿದ್ಯುತ್ಪದರಗಳನ್ನು ಅಭ್ಯಸಿಸಿದವರು ಗದ್ದೆಯ ಕೆಸರಿಗೆ ಇಳಿದರು! 1991ರಲ್ಲಿ ಅವರ ನಾಯಕತ್ವದಲ್ಲಿ ದೇಶದ ಹಲವು ಸಂಸ್ಥೆಗಳು ಕೂಡಿ, ಬೇರೆ ಬೇರೆ ಪ್ರಾಂತಗಳ ಗದ್ದೆಗಳಲ್ಲಿ ಒಂದೇ ವಿಧಾನದಿಂದ ಮೀಥೇನನ್ನು ಅಳೆದವು. ಮೊತ್ತವು ಸುಮಾರು 40 ಲಕ್ಷ ಟನ್ ಎಂದು ಗೊತ್ತಾಯಿತು. ಹಿಂದಿನ ಅಂದಾಜಿನ ಹೆಚ್ಚುಕಡಮೆ ಒಂಬತ್ತನೆಯ ಒಂದು ಪಾಲು. 2004ರಲ್ಲಿ ಭಾರತವು ವಿಶ್ವಸಂಸ್ಥೆಗೆ ಸಲ್ಲಿಸಿದ ಮೊದಲನೆಯ ವರದಿಯಲ್ಲಿ 1994ರ ವರ್ಷಕ್ಕೆ ಕೊಟ್ಟ ಅಂಕಿಯೂ 40.9 ಲಕ್ಷ ಟನ್.

ಪೆಟ್ಟಿಗೆ ಹಿಡಿದವರು

ಇಂತಹ ಅಳತೆಯ ಉಪಕರಣವು ಆಶ್ಚರ್ಯವಾಗುವಷ್ಟು ಸರಳವಾದುದು. ತಳವಿಲ್ಲದ ಒಂದು ಪಾರದರ್ಶಕ ಪೆಟ್ಟಿಗೆಯನ್ನು ಪೈರಿನ ಮೇಲೆ ಕವುಚಿ, ಅದರೊಳಗಿನ ಗಾಳಿಯನ್ನು ಹತ್ತು ಹದಿನೈದು ನಿಮಿಷಗಳಿಗೊಮ್ಮೆ ಪಿಚಕಾರಿಯಿಂದ ಸೆಳೆದು, ಮೀಥೇನಿನ ಪ್ರಮಾಣವನ್ನು ಪ್ರಯೋಗಶಾಲೆಯಲ್ಲಿ ಕಂಡುಹಿಡಿಯುವುದು. ಪ್ರಮಾಣವು ಕಾಲದೊಡನೆ ಏರುವ ವೇಗದಿಂದ ನೆಲವು ಅನಿಲವನ್ನು ಬಿಡುವ ವೇಗವು ತಿಳಿಯುತ್ತದೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಪೆಟ್ಟಿಗೆಯ ಎತ್ತರ ಅರ್ಧ ಮೀಟರ್. ಒಳಗಿನ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಮೊದಲು 2 ಭಾಗವಿದ್ದ ಮೀಥೇನ್ ಅರ್ಧ ಗಂಟೆಯಲ್ಲಿ 6 ಭಾಗಕ್ಕೆ ಏರಿತು. ಒಂದು ಚದರ ಮೀಟರ್ ನೆಲದ ಮೇಲೆ ಅರ್ಧ ಘನ ಮೀಟರ್, ಎಂದರೆ 500 ಲೀಟರ್ ಗಾಳಿ. ಅದರ ಹತ್ತು ಲಕ್ಷದಲ್ಲಿ 4 ಭಾಗವೆಂದರೆ 2 ಮಿಲಿಲೀಟರ್ ಮೀಥೇನ್. 30 ಡಿಗ್ರಿ ಉಷ್ಣತೆಯಲ್ಲಿ 24.9 ಲೀಟರಿಗೆ 16 ಗ್ರಾಂ ತೂಗುವ ಈ ಅನಿಲದ ಅಷ್ಟು ಪರಿಮಾಣದ ತೂಕವು ಸುಮಾರು 1.3 ಮಿಲಿಗ್ರಾಂ. ಗಂಟೆಗೆ 2.6 ಮಿಲಿಗ್ರಾಂ ಆಯಿತಷ್ಟೆ. ಇದೇ ವೇಗವು ಹಗಲಿರುಳು ನಿಂತಿತೆಂದು ಭಾವಿಸಿದರೆ ಹೆಕ್ಟೇರಿಗೆ ದಿನಕ್ಕೆ 620 ಗ್ರಾಂ. 110 ದಿನಗಳಲ್ಲಿ 68 ಕಿಲೋಗ್ರಾಂ. ಎರಡು ಮಿಲಿಲೀಟರಿನಿಂದ ಹೊರಟು ಲಕ್ಷ ಟನ್ನುಗಳವರೆಗೆ ಏರುವ ಏಣಿಯ ಮೊದಲ ಮೆಟ್ಟಿಲು ಇದು. ಮೊದಲ ಮೆಟ್ಟಿಲಿನ ಅಲ್ಪ ದೋಷವೂ ಮೇಲೆ ಹೋದಂತೆಲ್ಲ ಗುಣಿಸಿಕೊಳ್ಳುತ್ತದೆ.

ಭತ್ತದ ಗದ್ದೆಯಲ್ಲಿ ಇಂತಹ ಅಳತೆಗಳನ್ನು ಮೊದಮೊದಲು ಮಾಡಿದವರಲ್ಲಿ ರಾಲ್ಫ್ ಸಿಸರೋನ್ ಮುಖ್ಯರು. ಕ್ಯಾಲಿಫೋರ್ನಿಯದ ಗದ್ದೆಯಲ್ಲಿ ಮಾಡಿದ ಅಳತೆಗಳನ್ನು ಅವರು ಜೊತೆಗಾರ ಶೆಟ್ಟರ್ ಅವರೊಡನೆ 1981ರಲ್ಲಿ ಪ್ರಕಟಿಸಿದರು. ಅನಿಲವು ನೀರಿನಲ್ಲಿ ಗುಳ್ಳೆಗಳಾಗಿ ಏಳುವುದಕ್ಕಿಂತ ಬಹಳ ಹೆಚ್ಚಾಗಿ ಪೈರಿನ ಒಡಲೊಳಗಿಂದಲೇ ಹೊರಬರುತ್ತದೆಂಬುದು ಅವರು ಕಂಡ ವಿಶೇಷ. ಭತ್ತದ ಗಿಡವು ಜೌಗಿನಲ್ಲಿ ತನ್ನ ಬೇರಿಗೆ ಆಮ್ಲಜನಕವನ್ನು ಇಳಿಸಿಕೊಳ್ಳಲು ಕಾಂಡದಲ್ಲಿ ಗಾಳಿಯ ನಾಳಗಳನ್ನು ಮಾಡಿಕೊಂಡಿದೆ. ಅದೇ ನಾಳಗಳು ಮೀಥೇನಿಗೆ ಹೊಗೆಗೂಡಾಗುತ್ತವೆ. ವಿದ್ಯುತ್ ಇಂಜಿನಿಯರಿಂಗ್ ಓದಿದ್ದ ಸಿಸರೋನ್ ಕೂಡ ಮಿತ್ರರಂತೆ ಅಯಾನುಗೋಳದ ಅಭ್ಯಾಸದಿಂದಲೇ ಸಂಶೋಧನೆಗೆ ತೊಡಗಿದವರೆಂಬುದು ನಮ್ಮಂತಹ ಭೌತವಿಜ್ಞಾನದ ಮೇಷ್ಟರಿಗೆ ಸಂತೋಷ ಕೊಡುವ ಮಾತು.

ಈ ಕೆಲಸ ನೋಡಿದಷ್ಟು ಸುಲಭವಲ್ಲ. ನಾವೊಮ್ಮೆ ಕೆಲವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ, ವೋಲ್ಟಾನ ರೀತಿಯಲ್ಲಿ, ಗದ್ದೆಯ ಒಂದು ಗುರುತಿನ ಜಾಗದಿಂದ ಗಂಟೆಗೆ ಎಷ್ಟು ಅನಿಲವೇಳುವುದೆಂದು ನೋಡಲು ಆಲಿಕೆ ಮತ್ತು ಸೀಸೆಗಳನ್ನು ಇಟ್ಟೆವು. ಮೊದಲ ಗಂಟೆಯಲ್ಲಿ ಸೀಸೆ ತುಂಬಿತು, ನಾವು ಹಿಗ್ಗಿದೆವು. ಎರಡನೆಯ ಗಂಟೆಯಲ್ಲಿ ಏನೂ ಬರಲಿಲ್ಲ. ಸೀಸೆಯನ್ನು ಇಡುವಾಗ ಸುತ್ತಲೂ ತುಳಿದವರು ನಾವೇ. ಹಲವು ದಿನಗಳಿಂದ ಕೆಸರಿನಲ್ಲಿ ಅಡಗಿದ್ದ ಗುಳ್ಳೆಗಳನ್ನೆಲ್ಲ ಒಮ್ಮೆಗೇ ಎಬ್ಬಿಸಿದ್ದೆವು. ಕಸುಬು ಬಲ್ಲವರು ಇದಕ್ಕಾಗಿ ಗದ್ದೆಯಲ್ಲಿ ಮೊದಲೇ ಹಲಗೆಯ ಹಾದಿಯನ್ನು ಕಟ್ಟುತ್ತಾರೆ. ಪೆಟ್ಟಿಗೆಯ ಚೌಕಟ್ಟನ್ನು ಮುಂಚೆಯೇ ನೆಲದಲ್ಲಿ ಹೂಳಿಡುತ್ತಾರೆ. ಹಂಗಾಮು ಮುಗಿಯುವವರೆಗೂ ವಾರಕ್ಕೊಮ್ಮೆಯೋ ಎರಡು ಬಾರಿಯೋ ಬಿಸಿಲಿನಲ್ಲಿ ನಿಂತು ಪಿಚಕಾರಿ ಹಿಡಿದ ಈ ಸಹಾಯಕರ ಹೆಸರು ಯಾವ ಗಣಕದ ಪರದೆಯ ಮೇಲೂ ಮೂಡುವುದಿಲ್ಲ.

ಮಣ್ಣಿನೊಳಗಿನ ಬಲೂನು

ಹೀಗಿರಲು ದೇಶದ ಕೋಟಿಗಟ್ಟಲೆ ಗದ್ದೆಗಳಿಗೆಲ್ಲ ಪೆಟ್ಟಿಗೆ ಹಾಕುವುದು ಆಗದ ಮಾತು. ಕೆಲವು ಗದ್ದೆಗಳಲ್ಲಿ ಕಂಡುದರಿಂದ ಉಳಿದವನ್ನು ಊಹಿಸಬೇಕು. ಊಹೆಗೆ ಎರಡು ಹಾದಿಗಳುಂಟು. ಒಂದು, ಅಳೆದ ಬೆಲೆಗಳ ಸರಾಸರಿಯನ್ನು ತೆಗೆದು ವಿಸ್ತೀರ್ಣದಿಂದ ಗುಣಿಸುವುದು. ಇನ್ನೊಂದು, ಅನಿಲವು ಏಕೆ ಹುಟ್ಟುತ್ತದೆ, ಯಾವಾಗ ಹುಟ್ಟುತ್ತದೆ ಎಂಬ ನಿಯಮಗಳನ್ನೇ ಸಮೀಕರಣಗಳಲ್ಲಿ ಬರೆದು, ಮಣ್ಣಿನ ಗುಣ, ಮಳೆ, ಉಷ್ಣತೆ, ಗೊಬ್ಬರ ಇವನ್ನು ಒದಗಿಸಿ, ದಿನದಿನದ ಲೆಕ್ಕವನ್ನು ಗಣಕಕ್ಕೆ ಬಿಡುವುದು.

ಎರಡನೆಯ ಹಾದಿಯಲ್ಲಿ ಬಹು ದೂರ ನಡೆದವರು ಚಾಂಗ್‌ಶೆಂಗ್ ಲಿ. ಚೀನಾದಲ್ಲಿ ಹುಟ್ಟಿ, ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡಿ, 2015ರಲ್ಲಿ ತೀರಿಕೊಂಡ ಇವರು 1992ರಲ್ಲಿ ಸ್ಟೀವ್ ಫ್ರೋಲ್ಕಿಂಗ್, ಟಾಡ್ ಫ್ರೋಲ್ಕಿಂಗ್ ಎಂಬವರೊಡನೆ ಡಿ.ಎನ್.ಡಿ.ಸಿ. ಎಂಬ ಗಣಕ ಮಾದರಿಯನ್ನು ಪ್ರಕಟಿಸಿದರು. ನೈಟ್ರೇಟು ಒಡೆದು ಸಾರಜನಕವು ಬಿಡುಗಡೆಯಾಗುವ ಕ್ರಿಯೆ, ಸಾವಯವ ಪದಾರ್ಥವು ಕೊಳೆಯುವ ಕ್ರಿಯೆ, ಇವೆರಡರ ಇಂಗ್ಲಿಷ್ ಹೆಸರುಗಳ ಅಕ್ಷರಗಳಿಂದಾದ ಹೆಸರಿದು. ಆ ಮೊದಲ ಲೇಖನದ ವಿಷಯ ಮೀಥೇನಲ್ಲ, ನೈಟ್ರಸ್ ಆಕ್ಸೈಡ್. ಗದ್ದೆಯಲ್ಲ, ಮಳೆ ಬಿದ್ದ ಒಣನೆಲ.

ಲಿ ಅವರ ಮೂಲ ವಿಚಾರವನ್ನು ತಿಳಿಯಲು ಮಣ್ಣಿನ ಒಂದು ಹಿಡಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕಣಗಳ ನಡುವಣ ರಂಧ್ರಗಳಲ್ಲಿ ಗಾಳಿಯಿರುವವರೆಗೆ ಸೂಕ್ಷ್ಮಾಣುಜೀವಿಗಳು ಆಮ್ಲಜನಕವನ್ನು ಉಸಿರಾಡುತ್ತವೆ. ಮಳೆ ಬಂದು ರಂಧ್ರಗಳಲ್ಲಿ ನೀರು ತುಂಬಿತೆಂದರೆ ಸ್ಥಿತಿ ಬದಲಾಗುತ್ತದೆ. ಅನಿಲಗಳು ನೀರಿನಲ್ಲಿ ಹರಡುವ ವೇಗವು ಗಾಳಿಯಲ್ಲಿ ಹರಡುವ ವೇಗದ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಜೀವಿಗಳು ಆಮ್ಲಜನಕವನ್ನು ಖರ್ಚುಮಾಡುವಷ್ಟು ಬೇಗ ಅದು ಮೇಲಿನಿಂದ ಬಂದು ಸೇರಲಾರದು. ಆಗ ಕೆಲವು ಜೀವಿಗಳು ನೈಟ್ರೇಟಿನಲ್ಲಿರುವ ಆಮ್ಲಜನಕದ ಕಡೆಗೆ ತಿರುಗುತ್ತವೆ. ನೈಟ್ರೇಟು ನೈಟ್ರೈಟಾಗಿ, ಅದು ನೈಟ್ರಿಕ್ ಆಕ್ಸೈಡಾಗಿ, ಅದು ನೈಟ್ರಸ್ ಆಕ್ಸೈಡಾಗಿ, ಕಡೆಗೆ ನಿರಪಾಯವಾದ ಸಾರಜನಕವಾಗುತ್ತದೆ. ನೈಟ್ರಸ್ ಆಕ್ಸೈಡ್ ಈ ಮೆಟ್ಟಿಲುಗಳ ನಡುವಣದು. ನೆಲವು ಪೂರಾ ಮುಳುಗಿದ್ದರೆ ಅದು ಅಲ್ಲಿಯೇ ಸಿಕ್ಕಿಕೊಂಡು ಕೊನೆಯ ಮೆಟ್ಟಿಲನ್ನೂ ಇಳಿಯುತ್ತದೆ. ಅರ್ಧ ಒದ್ದೆ, ಅರ್ಧ ಒಣಗಿದ್ದರೆ ನಡುವಿನಲ್ಲೇ ತಪ್ಪಿಸಿಕೊಂಡು ಮೇಲಕ್ಕೆ ಹೊರಟುಹೋಗುತ್ತದೆ. ಈ ಕಾರಣದಿಂದ ವರ್ಷದ ಮಳೆ ಇಷ್ಟು ಎಂಬ ಒಂದೇ ಅಂಕಿಯಿಂದ ಪ್ರಯೋಜನವಿಲ್ಲವೆಂದೂ, ಒಂದೊಂದು ಮಳೆಯನ್ನೂ ಬೇರೆ ಬೇರೆಯಾಗಿ ಹಿಂಬಾಲಿಸಬೇಕೆಂದೂ ಲಿ ಮತ್ತು ಸಂಗಡಿಗರು ಮನಗಂಡರು.

ಒಂದೇ ಹಿಡಿ ಮಣ್ಣಿನಲ್ಲಿ ಗಾಳಿಯುಳ್ಳ ಭಾಗವೂ ಇಲ್ಲದ ಭಾಗವೂ ಒಟ್ಟಿಗೇ ಇರುವುದನ್ನು ಗಣಕಕ್ಕೆ ಹೇಳುವುದು ಹೇಗೆ? ಇದಕ್ಕೆ ಲಿ ಅವರು ಬಲೂನಿನ ಕಲ್ಪನೆಯನ್ನು ತಂದರು. ಮಣ್ಣಿನ ಪ್ರತಿಯೊಂದು ಪದರದಲ್ಲೂ ಆಮ್ಲಜನಕವಿಲ್ಲದ ಒಂದು ಗೋಳವಿದೆಯೆಂದು ಭಾವಿಸಿ. ಮಳೆಯಾದರೆ ಅದು ಉಬ್ಬುತ್ತದೆ; ಒಣಗಿದರೆ ಕುಗ್ಗುತ್ತದೆ. ಗೋಳದ ಒಳಗೆ ನೈಟ್ರೇಟು ಒಡೆಯುವ ಕ್ರಿಯೆ, ಹೊರಗೆ ಅಮೋನಿಯವು ನೈಟ್ರೇಟಾಗುವ ಕ್ರಿಯೆ. ಗೋಳದ ಗಾತ್ರಕ್ಕೆ ತಕ್ಕಂತೆ ಪದಾರ್ಥಗಳು ಒಳಗೂ ಹೊರಗೂ ಹಂಚಿಕೊಳ್ಳುತ್ತವೆ. ನೀರು ನಿಂತೇ ಇದ್ದರೆ ಗೋಳವು ಪೂರ್ಣವಾಗಿ ಉಬ್ಬಿ ಒಡೆಯುತ್ತದೆ, ಎಂದರೆ ಒಂದು ಉತ್ಕರ್ಷಕವು ಮುಗಿಯಿತೆಂದರ್ಥ. ಆಗ ಮುಂದಿನ ಉತ್ಕರ್ಷಕದ ಹೊಸ ಬಲೂನು ಹುಟ್ಟುತ್ತದೆ. ಆಮ್ಲಜನಕದ ಬಳಿಕ ನೈಟ್ರೇಟು, ಅದರ ಬಳಿಕ ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟು; ಎಲ್ಲವೂ ತೀರಿದ ಮೇಲೆ ಮೀಥೇನು. ರಸಾಯನಶಾಸ್ತ್ರದ ತರಗತಿಯಲ್ಲಿ ಓದುವ ನೆರ್ನ್‌ಸ್ಟ್ ಸಮೀಕರಣವೇ ಇಲ್ಲಿ ಮಣ್ಣಿನ ವಿದ್ಯುದ್ವಿಭವವನ್ನು ಕೊಡುತ್ತದೆ. ಗಾಳಿಯಾಡುವ ಮಣ್ಣಿನಲ್ಲಿ ಈ ವಿಭವವು ಸುಮಾರು 600 ಮಿಲಿವೋಲ್ಟ್. ಅದು ಸೊನ್ನೆಗಿಂತ ಸುಮಾರು 150 ಮಿಲಿವೋಲ್ಟ್ ಕೆಳಗಿಳಿದಾಗ ಮೀಥೇನಿನ ಕಾರ್ಖಾನೆ ತೆರೆಯುತ್ತದೆ.

ಮಣ್ಣಿನಲ್ಲಿ ನಿಜವಾಗಿ ಬಲೂನೇನೂ ಇಲ್ಲವೆಂದು ಹೇಳಬೇಕಾಗಿಲ್ಲ. ಅನಿಲಗಳ ಚಲನವಾದದಲ್ಲಿ ಅಣುಗಳನ್ನು ಗಟ್ಟಿ ಗುಂಡುಗಳೆಂದು ನಾವು ಕಲಿಸುವಂತೆಯೇ ಇದು. ಒಪ್ಪಿದ ಮೇಲೆ ಲೆಕ್ಕ ನಡೆಯುತ್ತದೆ. ಲೆಕ್ಕದ ಫಲವನ್ನು ಪೆಟ್ಟಿಗೆಯ ಅಳತೆಯೊಡನೆ ಹೋಲಿಸಿ ಕಲ್ಪನೆಯ ಯೋಗ್ಯತೆಯನ್ನು ತೂಗಬಹುದು.

ಈ ಮಾದರಿಯಿಂದ ಹೊರಟ ಒಂದು ಫಲವನ್ನು ನಾವು ವಿಶೇಷವಾಗಿ ಹೇಳಬೇಕು. ಚೀನಾದ ಬೇಸಾಯಗಾರರು 1980ರ ದಶಕದ ಆದಿಯಿಂದ ಭತ್ತದ ಗದ್ದೆಯ ನೀರನ್ನು ಬೆಳೆಯ ನಡುಗಾಲದಲ್ಲಿ ಒಮ್ಮೆ ಬಸಿದು ಬಿಡುವ ಪದ್ಧತಿಯನ್ನು ಹೆಚ್ಚುಹೆಚ್ಚಾಗಿ ಹಿಡಿದರು. ಇದರಿಂದ ಚೀನಾದ ಗದ್ದೆಗಳ ಮೀಥೇನು 1980ರಿಂದ 2000ದ ಹೊತ್ತಿಗೆ ವರ್ಷಕ್ಕೆ ಸುಮಾರು 50 ಲಕ್ಷ ಟನ್ ಇಳಿಯಿತೆಂದು ಲಿ ಮತ್ತು ಸಂಗಡಿಗರ ಲೆಕ್ಕವು 2002ರಲ್ಲಿ ತೋರಿಸಿತು. ಅಲ್ಲಿಗೆ ನಿಂತಿದ್ದರೆ ಅದೊಂದು ಶುಭವಾರ್ತೆ. ಆದರೆ ಬಲೂನು ಕುಗ್ಗಿದಾಗಲೂ ಉಬ್ಬಿದಾಗಲೂ ನೈಟ್ರಸ್ ಆಕ್ಸೈಡ್ ಹೊರಡುತ್ತದೆಂಬುದನ್ನು ಅದೇ ಮಾದರಿಯು ಮರೆಯಗೊಡಲಿಲ್ಲ. ನೀರು ಬಸಿದುದರಿಂದ ಆ ಅನಿಲದ ರೂಪದಲ್ಲಿ ಹೊರಟ ಸಾರಜನಕವು ವರ್ಷಕ್ಕೆ 1.5 ಲಕ್ಷ ಟನ್ನಿನಷ್ಟು ಹೆಚ್ಚಿತೆಂದೂ, ಮೀಥೇನಿನಿಂದಾದ ಲಾಭದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟನ್ನು ಅದು ಕಿತ್ತುಕೊಂಡಿತೆಂದೂ 2004ರಲ್ಲಿ ಅವರೇ ಪ್ರಕಟಿಸಿದರು. ತಮ್ಮ ಶುಭವಾರ್ತೆಯನ್ನು ತಾವೇ ಎರಡು ವರ್ಷಗಳಲ್ಲಿ ತಿದ್ದಿಕೊಂಡ ಈ ನಡತೆಯನ್ನು ನಾವು ಬಲೂನಿನ ಕಲ್ಪನೆಗಿಂತಲೂ ಹೆಚ್ಚು ಮೆಚ್ಚುತ್ತೇವೆ.

ಈ ಹೋಲಿಕೆಯನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಸಾರಜನಕದ 28 ಭಾಗಕ್ಕೆ ನೈಟ್ರಸ್ ಆಕ್ಸೈಡ್ 44 ಭಾಗ, ಆದುದರಿಂದ 1.5 ಲಕ್ಷ ಟನ್ ಸಾರಜನಕವೆಂದರೆ 2.36 ಲಕ್ಷ ಟನ್ ನೈಟ್ರಸ್ ಆಕ್ಸೈಡ್. ಬೇರೆ ಬೇರೆ ಅನಿಲಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು, ನೂರು ವರ್ಷಗಳಲ್ಲಿ ಅವು ಇಂಗಾಲದ ಡೈ ಆಕ್ಸೈಡಿಗಿಂತ ಎಷ್ಟು ಪಟ್ಟು ತಾಪವನ್ನುಂಟುಮಾಡುತ್ತವೆಂಬ ಗುಣಾಂಕಗಳನ್ನು ಬಳಸುವುದು ವಾಡಿಕೆ. 1995ರ ಅಂತರಸರ್ಕಾರ ಮಂಡಳಿಯ ವರದಿಯಲ್ಲಿ ಅವು ಮೀಥೇನಿಗೆ 21, ನೈಟ್ರಸ್ ಆಕ್ಸೈಡಿಗೆ 310. ಹಾಗೆ ತೂಗಿದರೆ ಲಾಭ 1050 ಲಕ್ಷ ಟನ್, ನಷ್ಟ 731 ಲಕ್ಷ ಟನ್. ಅದೇ ಮಂಡಳಿಯ 2021ರ ವರದಿಯಲ್ಲಿ ಗದ್ದೆಯ ಮೀಥೇನಿಗೆ 27, ನೈಟ್ರಸ್ ಆಕ್ಸೈಡಿಗೆ 273. ಈಗ ಲಾಭ 1350, ನಷ್ಟ 644. ಗದ್ದೆಯಲ್ಲಿ ಏನೂ ಬದಲಾಗಲಿಲ್ಲ. ತಕ್ಕಡಿಯ ಕಲ್ಲುಗಳು ಬದಲಾದುವು, ನಷ್ಟದ ಪಾಲು ಅರ್ಧಕ್ಕೂ ಕೆಳಗಿಳಿಯಿತು!

ಡಿ.ಎನ್.ಡಿ.ಸಿ.ಯನ್ನು ಲಿ ಅವರು ಬಚ್ಚಿಡಲಿಲ್ಲ. ಬ್ರಿಟನ್ ಮತ್ತು ನ್ಯೂಜಿಲೆಂಡಿನ ವಿಜ್ಞಾನಿಗಳು ತಮ್ಮ ಹುಲ್ಲುಗಾವಲು ಹೊಲಗಳಿಗೆ ಹೊಂದುವಂತೆ ಅದನ್ನು ತಿದ್ದಿಕೊಂಡರು. ಭಾರತದ ಗದ್ದೆಗಳಿಗೆ ಅದನ್ನು ಹೊಂದಿಸಿದವರು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿದ್ದ, ಮುಂದೆ 2022ರಲ್ಲಿ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾದ ಹಿಮಾಂಶು ಪಾಠಕ್. ಲಿ ಮತ್ತು ಜರ್ಮನಿಯ ರೈನರ್ ವಾಸ್‌ಮನ್ ಅವರೊಡನೆ ಅವರು 2005ರಲ್ಲಿ ಪ್ರಕಟಿಸಿದ ಫಲಗಳ ಪ್ರಕಾರ, ದೇಶದ ಗದ್ದೆಗಳಲ್ಲೆಲ್ಲ ನೀರು ಸದಾ ನಿಂತಿದ್ದರೂ ವರ್ಷದ ಮೀಥೇನು 15 ಲಕ್ಷ ಟನ್ನನ್ನು ಮೀರದು. ನೀರನ್ನು ಬಿಟ್ಟುಬಿಟ್ಟು ಕಟ್ಟಿದರೆ ಅದು ಸುಮಾರು ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ, ನೈಟ್ರಸ್ ಆಕ್ಸೈಡ್ ತುಸು ಏರುತ್ತದೆ. ಮಿತ್ರರ ಅಳತೆಯಿಂದ ಬಂದ ಅಂಕಿ 40 ಲಕ್ಷವೆಂಬುದನ್ನು ವಾಚಕರು ಮರೆತಿರಲಾರರು. ಒಂದೇ ದೇಶದ ಗದ್ದೆಗಳಿಗೆ ಬಲ್ಲವರೇ ಕೊಟ್ಟ ಎರಡು ಉತ್ತರಗಳು ಇಷ್ಟು ದೂರ ನಿಂತಿವೆ. ಹೀಗಿರುವಾಗ ನಮ್ಮ ವಿದ್ಯಾರ್ಥಿಯ ಹಾಳೆಯಲ್ಲಿದ್ದ ದಶಮಾಂಶದ ಎರಡನೆಯ ಸ್ಥಾನಕ್ಕೆ ಏನು ಬೆಲೆಯೆಂಬುದನ್ನು ಅವನೇ ತಿಳಿದು ನಕ್ಕನು.

ನೂರು ವರ್ಷದ ಸೀಸೆಗಳು

ಮಣ್ಣಿನಲ್ಲಿರುವ ಇಂಗಾಲದ ಲೆಕ್ಕ ಇನ್ನೂ ನಿಧಾನವಾದುದು. ಅದಕ್ಕೆ ಒಂದು ಹಂಗಾಮು ಸಾಲದು, ಒಂದು ಆಯುಸ್ಸೂ ಸಾಲದು. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಎಂಬಲ್ಲಿ ಜಾನ್ ಲಾಸ್, ಹೆನ್ರಿ ಗಿಲ್ಬರ್ಟ್ ಎಂಬವರು 1843ರಲ್ಲಿ ತೊಡಗಿದ ಗೋಧಿಯ ಹೊಲದ ಪ್ರಯೋಗವು ಇಂದಿಗೂ ನಡೆಯುತ್ತಿದೆ. ಹಿಂದಿನವರು ಹೊಲದ ಮಣ್ಣನ್ನು ಸೀಸೆಗಳಲ್ಲಿ ತುಂಬಿ, ಬಿರಟೆ ಹಾಕಿ, ಚೀಟಿಯಂಟಿಸಿ ಇಟ್ಟರು. ಯಾವುದಕ್ಕೆ ಬೇಕಾದೀತೆಂದು ಅವರಿಗೆ ತಿಳಿದಿರಲು ಸಾಧ್ಯವಿರಲಿಲ್ಲ. 1950 ಮತ್ತು 60ರ ದಶಕಗಳಲ್ಲಿ ಅಣ್ವಸ್ತ್ರ ಪರೀಕ್ಷೆಗಳಿಂದ ವಾಯುಮಂಡಲದಲ್ಲಿ ವಿಕಿರಣಶೀಲ ಇಂಗಾಲವು ಹೆಚ್ಚಿತಷ್ಟೆ. ಅದಕ್ಕೆ ಮೊದಲಿನ ಮಣ್ಣನ್ನೂ ಅನಂತರದ ಮಣ್ಣನ್ನೂ ಹೋಲಿಸಿ, ಇಂಗಾಲವು ನೆಲದಲ್ಲಿ ಎಷ್ಟು ಕಾಲ ತಂಗುತ್ತದೆಂಬುದನ್ನು ಡೇವಿಡ್ ಜೆಂಕಿನ್ಸನ್ ಲೆಕ್ಕಹಾಕಿದರು. 1977ರಲ್ಲಿ ರೇನರ್ ಅವರೊಡನೆ ಅವರು ಪ್ರಕಟಿಸಿದ ಮಾದರಿಯಿಂದಲೇ ರೋಥ್-ಸಿ ಎಂಬ ತಂತ್ರಾಂಶವು ಬೆಳೆಯಿತು. ಅದನ್ನು ಗಣಕಕ್ಕೆ ಒಗ್ಗಿಸುವುದರಲ್ಲಿ ಕೆವಿನ್ ಕೋಲ್‌ಮನ್ ಅವರ ಶ್ರಮ ದೊಡ್ಡದು. ನೀರು ನಿಲ್ಲದ ನೆಲಕ್ಕಾಗಿಯೇ ಇದನ್ನು ಮಾಡಿದುದೆಂದು ಕರ್ತೃಗಳು ಸ್ಪಷ್ಟವಾಗಿ ಬರೆದಿದ್ದಾರೆ. ಭತ್ತದ ಗದ್ದೆಗೆ ಯಾರಾದರೂ ಅದನ್ನು ಹಾಗೆಯೇ ಹಚ್ಚಿದರೆ ತಪ್ಪು ಹಚ್ಚಿದವರದು.

ರೈತನ ಮುಂದಿನ ಹಾಳೆ

ಡಿ.ಎನ್.ಡಿ.ಸಿ.ಯಂತಹ ಮಾದರಿಯು ಕೇಳುವ ಮಾಹಿತಿಯನ್ನೆಲ್ಲ ಒಬ್ಬ ಬೇಸಾಯಗಾರನು ಒದಗಿಸಲಾರನು. ಅವನಿಗಾಗಿ ಸರಳವಾದ ಲೆಕ್ಕಸಾಧನಗಳು ಬೇರೆ ಬಂದಿವೆ. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯದ ಜಾನ್ ಹಿಲಿಯರ್, ಪೀಟ್ ಸ್ಮಿತ್ ಮೊದಲಾದವರು ರೂಪಿಸಿ 2011ರಲ್ಲಿ ವಿವರಿಸಿದ ‘ಕೂಲ್ ಫಾರ್ಮ್ ಟೂಲ್’ ಇವುಗಳಲ್ಲಿ ಪ್ರಸಿದ್ಧವಾದುದು. ಕಚೇರಿಯ ಗುಮಾಸ್ತರು ಬಳಸುವಂತಹ ಎಕ್ಸೆಲ್ ಕೋಷ್ಟಕದ ರೂಪದಲ್ಲಿ ಅದು ಮೊದಲು ಹೊರಬಂದಿತು. ಬೆಳೆ ಯಾವುದು, ಗೊಬ್ಬರ ಎಷ್ಟು, ಮಣ್ಣು ಎಂತಹುದು, ಡೀಸೆಲ್ ಎಷ್ಟು ಉರಿಯಿತು ಎಂಬಂತಹ ಪ್ರಶ್ನೆಗಳಿಗೆ ಉತ್ತರ ತುಂಬಿದರೆ ಮೊತ್ತ ಬರುತ್ತದೆ. ಅದರೊಳಗೆ ಹೊಸ ಅಳತೆ ಯಾವುದೂ ಇಲ್ಲ. ಇತರರು ಲೋಕದ ನಾನಾ ಕಡೆ ಅಳೆದುದರ ಸಾರವಿದೆ. ಏಷ್ಯದ ಭತ್ತದ ಗದ್ದೆಗಳ ಪ್ರಕಟಿತ ಅಳತೆಗಳನ್ನೆಲ್ಲ ಒಟ್ಟುಗೂಡಿಸಿ, ಯಾವ ಕಾರಣಕ್ಕೆ ಎಷ್ಟು ವ್ಯತ್ಯಾಸವೆಂದು ಯಾನ್, ಯಾಗಿ, ಅಕಿಯಾಮಾ ಎಂಬ ಚೀನೀ ಹಾಗೂ ಜಪಾನೀ ವಿಜ್ಞಾನಿಗಳು 2005ರಲ್ಲಿ ತೋರಿಸಿದುದು ಇಂತಹ ಕೆಲಸಕ್ಕೆ ಒಳ್ಳೆಯ ನಿದರ್ಶನ.

ಅಂತರಸರ್ಕಾರ ಮಂಡಳಿಯು 2019ರಲ್ಲಿ ಪರಿಷ್ಕರಿಸಿದ ಸುಲಭ ಸೂತ್ರದಿಂದ ಒಂದು ಹೆಕ್ಟೇರಿನ ಲೆಕ್ಕವನ್ನು ನಾವೇ ಕಾಗದದ ಮೇಲೆ ಮಾಡೋಣ. ದಕ್ಷಿಣ ಏಷ್ಯದಲ್ಲಿ ನೀರು ಸದಾ ನಿಂತ ಗದ್ದೆಗೆ, ಸಾವಯವ ಗೊಬ್ಬರ ಹಾಕದಿದ್ದಾಗ, ದಿನಕ್ಕೆ 0.85 ಕಿಲೋಗ್ರಾಂ ಮೀಥೇನ್. 110 ದಿನಕ್ಕೆ 93.5. ಹಲವು ಸಲ ನೀರು ಬಸಿದರೆ ಇದನ್ನು 0.55ರಿಂದ ಗುಣಿಸಬೇಕು: ಸುಮಾರು 51. ಉಳಿತಾಯವಾದ 42 ಕಿಲೋಗ್ರಾಂ ಮೀಥೇನನ್ನು 27ರಿಂದ ಗುಣಿಸಿದರೆ 1134 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡಿಗೆ ಸಮ. ಇನ್ನು ಗೊಬ್ಬರ. ಹಾಕಿದ 100 ಕಿಲೋಗ್ರಾಂ ಸಾರಜನಕದಲ್ಲಿ ನೈಟ್ರಸ್ ಆಕ್ಸೈಡಾಗಿ ಹೋಗುವುದು ಮುಳುಗಿದ ಗದ್ದೆಯಲ್ಲಿ ನೂರಕ್ಕೆ 0.3, ನೀರು ಬಸಿದ ಗದ್ದೆಯಲ್ಲಿ 0.5. ಈ ವ್ಯತ್ಯಾಸವು, ಹಿಂದಿನಂತೆಯೇ ಗುಣಿಸಲಾಗಿ, ಸುಮಾರು 86 ಕಿಲೋಗ್ರಾಂಗೆ ಸಮ. ಚೀನಾಕ್ಕೆ ಲಿ ಅವರು ಕಂಡ ನಷ್ಟವು ಲಾಭದ ಅರ್ಧಕ್ಕೂ ಮೇಲಾಗಿದ್ದರೆ ಇಲ್ಲಿ ಅದು ಹನ್ನೆರಡನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲ. ಯಾವುದು ಸರಿ? ಹೆಚ್ಚು ಗೊಬ್ಬರ ಸುರಿಯುವ ಚೀನಾದ ಗದ್ದೆಗೂ ನಮ್ಮ ಗದ್ದೆಗೂ ಒಂದೇ ಉತ್ತರವನ್ನು ನಿರೀಕ್ಷಿಸಬಾರದೆಂಬುದು ನಮ್ಮ ಅಭಿಪ್ರಾಯ. ಕಟ್ಟಿಕೊಟ್ಟ ಸರಾಸರಿಯನ್ನು ಕಣ್ಣುಮುಚ್ಚಿ ನಂಬುವುದಕ್ಕಿಂತ ಗದ್ದೆಯಲ್ಲಿ ನೀರಿನ ಮಟ್ಟ ನಿಜವಾಗಿ ಹೇಗೆ ಏರಿಳಿಯಿತೆಂಬುದನ್ನು ಗುರುತಿಸುವುದು ಮೇಲು. ಈ ಎಲ್ಲ ತಂತ್ರಾಂಶಗಳೂ ಕೇಳುವ ಮುಖ್ಯ ಪ್ರಶ್ನೆ ಅದು. ಅದರ ಉತ್ತರವನ್ನು ಬಲ್ಲವನು ಅಬರ್ಡೀನಿನಲ್ಲಿಲ್ಲ, ಬದುವಿನ ಮೇಲೆ ನಿಂತಿರುವನು.

ನಮ್ಮ ವಿದ್ಯಾರ್ಥಿಯು ಹಾಳೆಯನ್ನು ತಿರುಗಿಸಿ ನೋಡಿದಾಗ, ‘ನೀರಿನ ನಿರ್ವಹಣೆ’ ಎಂಬ ಕಲಮಿಗೆ ಎದುರಾಗಿ ‘ಸದಾ ನಿಂತ ನೀರು’ ಎಂದು ಯಾರೋ ತುಂಬಿದ್ದರು. ಕಾಲುವೆಯ ಸರದಿ ತಪ್ಪಿ ಆ ಗದ್ದೆ ಹಂಗಾಮಿನಲ್ಲಿ ಮೂರು ಬಾರಿ ಬಿರುಕು ಬಿಟ್ಟಿತ್ತೆಂದು ಅವನು ಹೇಳಿದನು. ಮುಂದಿನ ನಾಟಿಗೆ ಅವನು ಒಂದು ಸಾಧನವನ್ನು ಸಿದ್ಧಪಡಿಸಿಕೊಂಡಿದ್ದಾನೆ. ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಪ್ರಚಾರಕ್ಕೆ ತಂದ ಸಾಧನವದು: ಒಂದಡಿ ಉದ್ದದ, ನಾಲ್ಕೈದು ಅಂಗುಲ ಅಗಲದ ಪ್ಲಾಸ್ಟಿಕ್ ಕೊಳವೆ. ಅದರ ಕೆಳಭಾಗಕ್ಕೆ ಸುತ್ತಲೂ ತೂತುಗಳನ್ನು ಕೊರೆದು, ಅರ್ಧದಷ್ಟನ್ನು ನೆಲದಲ್ಲಿ ಹೂತು, ಒಳಗಿನ ಮಣ್ಣನ್ನು ತೆಗೆದುಬಿಡಬೇಕು. ಆಗ ಕೊಳವೆಯೊಳಗಿನ ನೀರಿನ ಮಟ್ಟವು ನೆಲದೊಳಗಿನ ಮಟ್ಟವನ್ನೇ ತೋರಿಸುತ್ತದೆ. ಅದು ನೆಲದಿಂದ 15 ಸೆಂಟಿಮೀಟರ್ ಕೆಳಗೆ ಇಳಿಯುವವರೆಗೂ ನೀರು ಹಾಯಿಸದಿದ್ದರೆ ಬೆಳೆಗೆ ಕೇಡಿಲ್ಲ; ಹೂ ಬಿಡುವ ಕಾಲದಲ್ಲಿ ಮಾತ್ರ, ಅದರ ಹಿಂದು ಮುಂದಿನ ಒಂದೊಂದು ವಾರವೂ ಸೇರಿದಂತೆ, ನೀರು ನಿಂತಿರಬೇಕು. ದಿನವೂ ಬೆಳಗ್ಗೆ ಅಳತೆಪಟ್ಟಿಯನ್ನು ಕೊಳವೆಯೊಳಗೆ ಇಳಿಬಿಟ್ಟು ಮಟ್ಟವನ್ನು ಬರೆದಿಡಲು ಅವನ ತಂಗಿ ಒಪ್ಪಿದ್ದಾಳೆ; ಅದಕ್ಕಾಗಿ ಇನ್ನೂರು ಪುಟದ ಒಂದು ನೋಟುಪುಸ್ತಕಕ್ಕೆ ಗೆರೆ ಹಾಕಿ, ತಾರೀಖು ಬರೆದು ಕೊಟ್ಟಿದ್ದಾನೆ.